ಕಕ್ಕಡದ ಮಳೆಗೆ ಮೂರು ದಪ್ಪ ಪುಸ್ತಕ

ಮಳೆ ಜಡಿಯುವ ಕಕ್ಕಡ ತಿಂಗಳಲ್ಲಿ ಕರೆಂಟೂ ಇಲ್ಲದೆ ನೆಟ್‌ವರ್ಕೂ ಇಲ್ಲದೆ ಕೂರುವ ಕೊಡಗಿನ ಮನೆಗಳಿಗೆ ಹೇಳಿ ಮಾಡಿಸಿದ ಪತ್ತೇದಾರಿ ಕಾದಂಬರಿ ಸರಣಿ, ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಬರೆದ 'ಮಿಲೆನಿಯಂ'. ಆತ 2004ರಲ್ಲಿ ತೀರಿಕೊಂಡ, ಮೊದಲ ಪುಸ್ತಕ ಬಂದದ್ದು 2005ರಲ್ಲಿ. ಇಂಗ್ಲಿಷ್ ಹೆಸರು 'ದ ಗರ್ಲ್ ವಿತ್ ದ ಡ್ರ್ಯಾಗನ್ ಟ್ಯಾಟೂ'. ಸ್ವೀಡಿಷ್ ಹೆಸರಿನ ಅರ್ಥ 'ಹೆಂಗಸರನ್ನು ದ್ವೇಷಿಸುವ ಗಂಡಸರು'. ಕಥೆಗೆ ಒಪ್ಪುವುದು ಇದೇ.

1966ರಲ್ಲಿ ಹದಿನಾರರ ಹ್ಯಾರಿಯೆಟ್ ಒಂದು ದ್ವೀಪದಿಂದ ಕಾಣೆಯಾಗುತ್ತಾಳೆ. ಅದೇ ದಿನ ಸೇತುವೆ ಮೇಲೆ ಟ್ಯಾಂಕರ್ ಅಪಘಾತವಾಗಿ ದಾರಿ ಬಂದ್. ಸಂಗಮ ಉಕ್ಕಿ ಭಾಗಮಂಡಲದ ರಸ್ತೆ ಮುಳುಗಿದ್ದನ್ನು ಕಂಡವರಿಗೆ ಈ ಇಕ್ಕಟ್ಟು ಬಿಡಿಸಿ ಹೇಳಬೇಕಿಲ್ಲ. ಬರುವ ಹಾಗಿಲ್ಲ, ಹೋಗುವ ಹಾಗಿಲ್ಲ, ಅನುಮಾನವೆಲ್ಲ ಮನೆಯವರ ಮೇಲೇ. ಮನೆಯವರೋ ಒಂದು ಒಕ್ಕದಷ್ಟು, ಅಂದರೆ ಕೊಡವರ ಇಡೀ ಕುಲದಷ್ಟು ಜನ! ವಂಶವೃಕ್ಷದ ಪುಟಕ್ಕೆ ಒಂದು ಬಸ್ ಟಿಕೆಟ್ ಸಿಕ್ಕಿಸಿಡಿ, ಪದೇ ಪದೇ ತಿರುವಬೇಕಾಗುತ್ತದೆ.

ಪತ್ರಕರ್ತ ಬ್ಲೂಮ್‌ಕ್ವಿಸ್ಟ್ ನಡೆಸುವ ತನಿಖೆಯ ಅತ್ಯುತ್ತಮ ಭಾಗ ಹಳೇ ಫೋಟೋಗಳದ್ದು. ಮೆರವಣಿಗೆ ನೋಡಿ ಎಲ್ಲರೂ ನಗುತ್ತಿದ್ದಾರೆ, ಹ್ಯಾರಿಯೆಟ್ ಒಬ್ಬಳ ಕಣ್ಣು ಮಾತ್ರ ಬೇರೆಲ್ಲೋ. ಅವಳು ನೋಡುತ್ತಿದ್ದದ್ದು ಏನನ್ನು? ಅದೇ ಕ್ಷಣ ಗುಂಪಿನಲ್ಲಿ ಇನ್ನೊಬ್ಬರ ಕೈಯಲ್ಲೂ ಕ್ಯಾಮೆರಾ ಇತ್ತು. ಬ್ಲೂಮ್‌ಕ್ವಿಸ್ಟ್ ಆ ಫೋಟೋದ ಬೆನ್ನು ಹತ್ತುವ ಪುಟಗಳಲ್ಲಿ ಕಾಫಿ ಆರಿದ್ದೂ ತಿಳಿಯುವುದಿಲ್ಲ.

ಲಿಸ್ಬೆತ್ ಸಲಾಂಡರ್ ಅವನ ಜೊತೆ ಸೇರಲು ಅರ್ಧ ಪುಸ್ತಕ ದಾಟಬೇಕು. ಕಡ್ಡಿ ಮೈ, ಟ್ಯಾಟೂ, ಹ್ಯಾಕಿಂಗಿನಲ್ಲಿ ನಿಸ್ಸೀಮೆ, ಓದಿದ ಪುಟ ಫೋಟೋ ಹಿಡಿದ ಹಾಗೆ ನೆನಪು. ಆದರೆ ಕೋರ್ಟಿನ ಕಣ್ಣಿಗೆ ಇವಳು ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾರದವಳು, ಹಾಗಾಗಿ ಬ್ಯಾಂಕ್ ಖಾತೆ ಕೋರ್ಟು ನೇಮಿಸಿದ ಪೋಷಕನ ಕೈಯಲ್ಲಿ. ತನ್ನದೇ ದುಡ್ಡಿಗೆ ಅವನೆದುರು ಕೈಚಾಚಬೇಕಾದ ಆ ದೃಶ್ಯ ರಕ್ತಪಾತಕ್ಕಿಂತ ಹೆಚ್ಚು ಕಾಡುತ್ತದೆ. ಅಳುವುದಿಲ್ಲ, ಪೊಲೀಸರ ಹತ್ತಿರ ಹೋಗುವುದಿಲ್ಲ, ಓದುಗರ ಕನಿಕರವೂ ಅವಳಿಗೆ ಬೇಡ.

ಕೊರತೆಗಳಿವೆ. ಮೊದಲ ನೂರು ಪುಟ ಕಂಪನಿ ಹಗರಣದ ಲೆಕ್ಕಾಚಾರದಲ್ಲಿ ತೆವಳುತ್ತವೆ, ಅರ್ಥವಾಗದಿದ್ದರೂ ಮುಂದೆ ಸಾಗಿ. ಕಂಡ ಹೆಂಗಸರೆಲ್ಲ ಬ್ಲೂಮ್‌ಕ್ವಿಸ್ಟಿಗೆ ಮರುಳಾಗುವುದು ನಂಬುವ ಮಾತಲ್ಲ. ಎರಡನೇ ಪುಸ್ತಕದಲ್ಲಿ ಲಿಸ್ಬೆತ್ ಮನೆಗೆ ಕೊಳ್ಳುವ ಪೀಠೋಪಕರಣಗಳ ಪಟ್ಟಿ ಬರುತ್ತದೆ, ಹಾರಿಸಿಬಿಡಿ. (ಎಲ್ಲರೂ ಗಳಿಗೆಗೊಮ್ಮೆ ಕಾಫಿ ಕುಡಿಯುತ್ತಾರೆ. ಅದಕ್ಕೆ ಈ ಜಿಲ್ಲೆಯವರ ತಕರಾರು ಇರಲಾರದು.) ಲೈಂಗಿಕ ಹಿಂಸೆಯ ವಿವರ ಕಟುವಾಗಿದೆ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

2011ರ ಡೇವಿಡ್ ಫಿಂಚರ್ ಸಿನಿಮಾ ಚೆನ್ನಾಗಿದೆ, ಆದರೆ ಓದಿ ಮುಗಿಸಿದ ಮೇಲೆ ನೋಡಿ. ನಾಲ್ಕನೆಯದರಿಂದ ಬರೆದವರು ಬೇರೆಯವರು, ಅವಸರವಿಲ್ಲ. ಎರಡನ್ನೂ ಮೂರನ್ನೂ ಮಾತ್ರ ಒಟ್ಟಿಗೇ ತರಿಸಿ. ಎರಡನೆಯದು ನಡುದಾರಿಯಲ್ಲಿ ನಿಲ್ಲುತ್ತದೆ, ಮಳೆಗೆ ರಸ್ತೆ ಕಟ್ಟಿದರೆ ಮೂರನೆಯದರ ಪಾರ್ಸೆಲ್ ಬರುವುದು ಯಾವಾಗಲೋ.