ಕುದುರೆ ಕಾಲಿಗೆ ಪಿಆರ್‌ಪಿ ಮಾಡಿಸಿದೆವು: 34 ಸಾವಿರ, ಎಂಟು ತಿಂಗಳು

ಪಿಆರ್‌ಪಿ ಅಂದರೆ ಕುದುರೆಯದ್ದೇ ರಕ್ತದ ಒಂದು ಭಾಗವನ್ನು ಗಾಯಕ್ಕೆ ಚುಚ್ಚುವ ಚಿಕಿತ್ಸೆ, ಅದನ್ನು ಮಾಡಿದ ಡಾಕ್ಟರ ಬಗ್ಗೆ ಈ ರಿವ್ಯೂ. ಮೊದಲೇ ಹೇಳಿಬಿಡುತ್ತೇನೆ, ಇದು ರೇಸ್ ಕುದುರೆಯ ಕತೆ ಅಲ್ಲ. ಮುರುಡೇಶ್ವರದ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುವ ಕುದುರೆ ನಮ್ಮದು. ಹೆಸರು ಗಂಗಿ, ವಯಸ್ಸು 9, ಸುತ್ತಿಗೆ 100 ರೂಪಾಯಿ. ಮದುವೆ ಸೀಸನ್ನಿನಲ್ಲಿ ಹೊನ್ನಾವರ, ಕುಮಟಾ ಕಡೆ ಮದುಮಗನನ್ನೂ ಹೊರುತ್ತದೆ. ಕುದುರೆ ಅಪ್ಪನದ್ದು, ಫೋನು, ದುಡ್ಡು, ಜಗಳ ನನ್ನದು.

ಜನವರಿ ಕೊನೆಗೆ ಒಂದು ಸಂಜೆ ಜೆಟ್ ಸ್ಕೀ ಶಬ್ದಕ್ಕೆ ಬೆದರಿ, ಅಪ್ಪನ ಕೈಯಿಂದ ಹಗ್ಗ ಕಿತ್ತುಕೊಂಡು ಮೇಲಿನ ಒಣ ಮರಳಿನಲ್ಲಿ ಓಡಿತು. ಪುಣ್ಯಕ್ಕೆ ಬೆನ್ನ ಮೇಲೆ ಯಾರೂ ಇರಲಿಲ್ಲ. ನೀರಿನಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಮೇಲಿನದ್ದು ಹಾಗಲ್ಲ, ಕಾಲು ಹೂತುಹೋಗುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಎಡ ಮುಂಗಾಲು, ಮಂಡಿಯ ಕೆಳಗೆ ಹಿಂಭಾಗದಲ್ಲಿ ಬಾಳೆಹಣ್ಣಿನ ಹಾಗೆ ಉಬ್ಬಿತ್ತು. ಮುಟ್ಟಿದರೆ ಬಿಸಿ. ಕಾಲು ಊರುವುದೇ ಇಲ್ಲ.

"ನರ ಹಿಡ್ದದೆ" ಎಂದು ಎಲ್ಲರೂ ಹೇಳಿದರು. ಒಬ್ಬರು ಬಿಸಿ ಎಣ್ಣೆ ಎಂದರು, ಇನ್ನೊಬ್ಬರು ಬರೆ ಹಾಕಿಸಿ ಎಂದರು. ಗಾಯದ ಮೇಲೆ ಬರೆ ಎಳೆದ ಹಾಗೆ ಅಂತ ನಾವು ಮಾತಿಗೆ ಹೇಳುತ್ತೇವಲ್ವಾ, ಇಲ್ಲಿ ನಿಜವಾಗಿಯೂ ಅದನ್ನೇ ಮಾಡುವವರಿದ್ದರು. ನಮ್ಮ ಕಡೆಯ ದನದ ಡಾಕ್ಟರು ಮಾತ್ರ ಸರಿಯಾದ ಮಾತು ಹೇಳಿದರು. ಬಿಸಿ ಗಿಸಿ ಏನೂ ಬೇಡ, ದಿನಕ್ಕೆ ಮೂರು ನಾಲ್ಕು ಸಲ ಪೈಪಿನಿಂದ ತಣ್ಣೀರು ಬಿಡಿ, ಕೊಟ್ಟಿಗೆಯಿಂದ ಹೊರಗೆ ತರಬೇಡಿ ಎಂದು ನೋವಿಗೆ ಇಂಜೆಕ್ಷನ್ ಕೊಟ್ಟರು. ಇದಕ್ಕೆ ಸ್ಕ್ಯಾನ್ ಬೇಕು, ನನ್ನ ಹತ್ತಿರ ಇಲ್ಲ, ಕುದುರೆ ಡಾಕ್ಟರನ್ನೇ ಕರೆಸಿ ಎಂದೂ ಬಿಚ್ಚಿ ಹೇಳಿದರು. ಅವರು ಹಾಗೆ ಹೇಳದೆ ಇದ್ದಿದ್ದರೆ ನಾವು ಇನ್ನೂ ಎಣ್ಣೆ ಹಚ್ಚುತ್ತಾ ಕೂತಿರುತ್ತಿದ್ದೆವು.

ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದದ್ದು ನಮ್ಮ ಪಕ್ಕದ ಭಟ್ಕಳದಲ್ಲೇ. ಈಗ ಕುದುರೆ ಡಾಕ್ಟರು ಬೇಕೆಂದರೆ ಬೆಂಗಳೂರಿಗೆ ಫೋನ್ ಮಾಡಬೇಕು!

ಮೊದಲು ಸಿಕ್ಕಿದವನು ಡಾಕ್ಟರೋ ಏಜೆಂಟೋ ಗೊತ್ತಾಗಲಿಲ್ಲ. ಕುದುರೆ ನೋಡಲಿಲ್ಲ, ಫೋಟೋ ಕೂಡ ಕೇಳಲಿಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಇಂಜೆಕ್ಷನ್, ಐಸ್ ಡಬ್ಬಿಯಲ್ಲಿ ಕಳಿಸುತ್ತೇವೆ, 1 ಲಕ್ಷ 20 ಸಾವಿರ, ನಿಮ್ಮ ಡಾಕ್ಟರ ಹತ್ತಿರವೇ ಚುಚ್ಚಿಸಿಕೊಳ್ಳಿ, ಒಂದೂವರೆ ತಿಂಗಳಿಗೆ ಓಡುತ್ತದೆ ಎಂದ. ಅಷ್ಟು ದುಡ್ಡು ಇರಲಿಲ್ಲ, ಅದಕ್ಕೇ ಬಚಾವಾದೆವು. ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ.

ಆಮೇಲೆ ಸಿಕ್ಕಿದವರ ಬಗ್ಗೆಯೇ ಈ ರಿವ್ಯೂ. ರೇಸ್ ಕುದುರೆಗಳ ಜೊತೆ ಬಹಳ ವರ್ಷ ಕೆಲಸ ಮಾಡಿ ಈಗ ಸ್ವಂತವಾಗಿ ಊರೂರು ಸುತ್ತುವ ಡಾಕ್ಟರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಭಟ್ಕಳದಲ್ಲಿ ಇಳಿದರು. ಒಂದು ಕೈಯಲ್ಲಿ ಲ್ಯಾಪ್‌ಟಾಪಿನಷ್ಟು ದೊಡ್ಡ ಸ್ಕ್ಯಾನ್ ಮೆಷಿನ್, ಇನ್ನೊಂದರಲ್ಲಿ ಸೆಂಟ್ರಿಫ್ಯೂಜ್, ಅಂದರೆ ರಕ್ತವನ್ನು ಜೋರಾಗಿ ತಿರುಗಿಸಿ ಭಾಗ ಭಾಗ ಬೇರೆ ಮಾಡುವ ಮೆಷಿನ್. ಒಂದು ವಾರ ಮೊದಲೇ ಫೋನಿನಲ್ಲಿ ನೋವಿನ ಔಷಧಿ ನಿಲ್ಲಿಸಲು ಹೇಳಿದ್ದರು.

ಬಂದವರೇ ಸೂಜಿ ತೆಗೆಯಲಿಲ್ಲ. ಕೂದಲು ಬೋಳಿಸಿ, ಜೆಲ್ ಹಚ್ಚಿ, ಮುಕ್ಕಾಲು ಗಂಟೆ ಬರೀ ಸ್ಕ್ಯಾನ್ ಮಾಡಿದರು. ಸರಿ ಇರುವ ಬಲಗಾಲನ್ನೂ ಬಿಡಲಿಲ್ಲ. ನಮ್ಮನ್ನು ಕರೆದು ತೋರಿಸಿದರು. ಇದು ನರ ಅಲ್ಲ, ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ. ಕುದುರೆಗೆ ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲವಂತೆ, ಅಲ್ಲಿ ಎಲ್ಲ ಭಾರ ಈ ಹಗ್ಗದಂಥ ಟೆಂಡನ್‌ಗಳ ಮೇಲೆ. ಜೋರಾಗಿ ಓಡುವಾಗ ಅದು ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಒಳಗಿನ ಶಾಖ 45 ಡಿಗ್ರಿವರೆಗೆ ಏರುತ್ತದೆ. ಬಲಗಾಲಿನ ಟೆಂಡನ್ ಸ್ಕ್ರೀನಿನಲ್ಲಿ ಪೂರ್ತಿ ಬೆಳ್ಳಗೆ ಕಾಣುತ್ತಿತ್ತು. ಎಡಗಾಲಿನದ್ದರ ನಟ್ಟನಡುವೆ ಕಪ್ಪು ತೂತು. ಅಲ್ಲಿ ನಾರು ಹರಿದಿದೆ.

ಸುಮ್ನೆ ಬಿಟ್ಟರೂ ಅದು ಕೂಡಿಕೊಳ್ಳುತ್ತದೆ, ತೊಂದರೆ ಇರುವುದು ಕೂಡಿಕೊಳ್ಳುವ ರೀತಿಯಲ್ಲಿ ಎಂದರು. ಹೊಸದಾಗಿ ಬರುವ ನಾರು ಬೇರೆ ಜಾತಿಯದ್ದು, ಬಿರುಸು. ಅಪ್ಪನಿಗೆ ಇದು ಕೂಡಲೇ ಅರ್ಥವಾಯಿತು, ಬಲೆ ಕಟ್ಟಿ ಗೊತ್ತಿರುವ ಮನುಷ್ಯ. ಹರಿದಲ್ಲಿ ದಪ್ಪ ಹಗ್ಗ ಹಾಕಿ ಬಿಗಿದರೆ ಆ ಗಂಟು ಹರಿಯುವುದಿಲ್ಲ, ಮುಂದಿನ ಸಲ ಅದರ ಪಕ್ಕದಲ್ಲೇ ಹರಿಯುತ್ತದೆ. ಕುದುರೆಗೂ ಹಾಗೆಯೇ ಆಗುತ್ತದಂತೆ. ಒಳ್ಳೆಯ ನಾರು ಬರಲಿ ಎಂದು ಮಾಡುವ ಪ್ರಯತ್ನವೇ ಈ ರೀಜನರೇಟಿವ್ ಚಿಕಿತ್ಸೆ.

ಇಲ್ಲಿ ನಾನು ಸ್ಟೆಮ್ ಸೆಲ್ ವಿಷಯ ತೆಗೆದೆ. ದುಬಾರಿಯದ್ದನ್ನೇ ಮಾಡಿಸಿ ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಅವರು ಹೇಳಿದ ವಿಧಾನ ಇದು: ಕುದುರೆಯ ಎದೆಮೂಳೆಯಿಂದ ಮಜ್ಜೆ ತೆಗೆದು, ಲ್ಯಾಬಿನಲ್ಲಿ ಎರಡು ಮೂರು ವಾರ ಜೀವಕೋಶ ಬೆಳೆಸಿ, ಆಮೇಲೆ ಆ ತೂತಿನೊಳಗೆ ಬಿಡುವುದು. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಹೀಗೆ ಮಾಡಿಸಿಕೊಂಡ 113 ರೇಸ್ ಕುದುರೆಗಳಲ್ಲಿ ಸುಮಾರು 27% ಕುದುರೆಗಳಿಗೆ ಮತ್ತೆ ಅದೇ ಗಾಯವಾಯಿತು. ಬೇರೆ ಚಿಕಿತ್ಸೆಗಳಿಗೆ ಹೋಲಿಸಿದರೆ ಅದು ಕಡಿಮೆಯೇ. ಯುರೋಪಿನಲ್ಲಿ 2019ರಲ್ಲಿ ಕುದುರೆಯ ಕೀಲಿಗೆ, 2022ರಲ್ಲಿ ಟೆಂಡನ್‌ಗೆ ಅಂತ ರೆಡಿಮೇಡ್ ಸ್ಟೆಮ್ ಸೆಲ್ ಔಷಧಿಗೆ ಒಪ್ಪಿಗೆಯೂ ಸಿಕ್ಕಿದೆ. "ಆದರೆ ಎಲ್ಲಿಂದ ಬಂತು, ಯಾರು ಬೆಳೆಸಿದ್ದು ಅಂತ ಗೊತ್ತಿಲ್ಲದ ಡಬ್ಬಿಯನ್ನು ಮಾತ್ರ ಚುಚ್ಚಿಸಬೇಡಿ. ನಿಮ್ಮ ಕುದುರೆ ರೇಸಿಗೆ ಹೋಗುವುದಿಲ್ಲ, ಪಿಆರ್‌ಪಿ ಸಾಕು. ಅದೂ ಮಂತ್ರ ಅಲ್ಲ, ಕೆಲವು ಕುದುರೆಗೆ ಕೆಲಸ ಮಾಡುತ್ತದೆ, ಕೆಲವಕ್ಕೆ ಅಷ್ಟಾಗಿ ಇಲ್ಲ" ಎಂದರು. ನನಗೆ ನಂಬಿಕೆ ಬಂದದ್ದು ಈ ಮಾತಿಗೆ.

ಪಿಆರ್‌ಪಿ ಅಂದರೆ ಡೆಂಗಿ ಬಂದಾಗ ಎಷ್ಟು ಇದೆ ಎಷ್ಟು ಇದೆ ಎಂದು ಕೇಳುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ಕುದುರೆಯ ಕುತ್ತಿಗೆಯಿಂದ ರಕ್ತ ತೆಗೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಗಟ್ಟಿಯಾಗಿರುವ ಭಾಗವನ್ನಷ್ಟೇ ಬೇರೆ ಮಾಡಿ ಗಾಯಕ್ಕೆ ಬಿಡುವುದು. ಗಾಯ ವಾಸಿಮಾಡಲು ಬೇಕಾದ ವಸ್ತುಗಳು ಅದರಲ್ಲೇ ಇರುತ್ತವೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಕುದ್ರೆ ರಕ್ತ ತೆಗ್ದು ಕುದ್ರೆಗೇ ಕೊಡುದಕ್ಕೆ ಇಷ್ಟು ದುಡ್ಡನಾ?" ಎಂದು ಕೇಳಿಯೇಬಿಟ್ಟರು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು.

ಸುಮಾರು 60 ಎಂಎಲ್ ರಕ್ತ ತೆಗೆದು ಮೆಷಿನ್ ಹಚ್ಚಿದ್ದಷ್ಟೇ, ಕರೆಂಟ್ ಹೋಯಿತು. ಸೆಂಟ್ರಿಫ್ಯೂಜ್ ಅರ್ಧಕ್ಕೆ ನಿಂತಿತು. ಇಂಥದ್ದು ನಮ್ಮೂರಿಗೆ ಹೊಸತಲ್ಲ, ಅವರಿಗೆ ಹೊಸತು. ಆ ರಕ್ತವನ್ನು ಚೆಲ್ಲಿದರು, ಹೇಗೂ ಆಗುತ್ತದೆ ಎಂದು ಮುಂದುವರಿಸಲಿಲ್ಲ. ರಸ್ತೆಯಾಚೆಯ ಐಸ್‌ಕ್ರೀಮ್ ಅಂಗಡಿಯಲ್ಲಿ ಜನರೇಟರ್ ಇದೆ ಎಂದು ಗೊತ್ತಿತ್ತು, ಮೆಷಿನ್ ಹೊತ್ತುಕೊಂಡು ಅಲ್ಲಿಗೆ ಓಡಿದೆವು, ಮತ್ತೆ ರಕ್ತ ತೆಗೆದು, ಕುಲ್ಫಿ ಫ್ರೀಜರಿನ ಪಕ್ಕದಲ್ಲಿ ಎರಡು ಸಲ ತಿರುಗಿಸಿ ತಂದೆವು. ಅಷ್ಟು ರಕ್ತಕ್ಕೆ ಕೊನೆಗೆ ಸಿಕ್ಕಿದ್ದು ನಾಲ್ಕೈದು ಎಂಎಲ್ ಹಳದಿ ನೀರು. ಕುದುರೆಗೆ ಮಂಪರು ಕೊಟ್ಟು, ಕಾಲು ಮರಗಟ್ಟಿಸಿ, ಸ್ಕ್ರೀನ್ ನೋಡುತ್ತಲೇ ಸೂಜಿಯನ್ನು ಆ ಕಪ್ಪು ತೂತಿಗೆ ನೇರವಾಗಿ ಇಳಿಸಿದರು. ಅದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಅವರು ಹೋದ ಮೇಲೆ. ಒಂದು ಚಾರ್ಟ್ ಕೊಟ್ಟು ಹೋಗಿದ್ದರು. ಮೊದಲು ದಿನಕ್ಕೆ ಎರಡು ಸಲ ಐದೈದು ನಿಮಿಷ, ಗಟ್ಟಿ ಸಮ ನೆಲದಲ್ಲಿ, ಹಗ್ಗ ಹಿಡಿದು ನಡೆಸುವುದು. ಆಮೇಲೆ ವಾರ ವಾರ ಐದು ನಿಮಿಷ ಜಾಸ್ತಿ. ಮರಳಿಗೆ ಕಾಲಿಡುವ ಹಾಗಿಲ್ಲ. ಹುರುಳಿ, ಬೂಸಾ ಕಡಿಮೆ, ಒಣಹುಲ್ಲು ಜಾಸ್ತಿ, ಕೆಲಸ ಇಲ್ಲದ ಕುದುರೆಗೆ ಕಾಳು ತಿನ್ನಿಸಿದರೆ ಹೊಟ್ಟೆನೋವು ಬರಬಹುದು, ಹುಚ್ಚಾಟವೂ ಜಾಸ್ತಿ. ಶಿವರಾತ್ರಿಗೆ ಇಡೀ ಊರು ಜನ, ಒಳ್ಳೆಯ ದುಡಿಮೆಯ ದಿನ, ನಾವು ಮಾತ್ರ ಮನೆ ಹಿಂದಿನ ಕಾಂಕ್ರೀಟ್ ರಸ್ತೆಯಲ್ಲಿ ವಾಚ್ ನೋಡುತ್ತಾ ಕುದುರೆ ನಡೆಸುತ್ತಿದ್ದೆವು. ಮೂರನೇ ವಾರಕ್ಕೆ ಗಂಗಿ ಕುಂಟುವುದನ್ನು ಬಿಟ್ಟಿತು. ಆಗಲೇ ಎಲ್ಲರೂ ತಪ್ಪು ಮಾಡುವುದು, ನಾವೂ ಮಾಡುವವರಿದ್ದೆವು. ಒಂದು ಮದುವೆಗೆ ಒಪ್ಪಿಕೊಂಡು ಡಾಕ್ಟರಿಗೆ ಫೋನ್ ಮಾಡಿದರೆ, ಸಿಟ್ಟು ಮಾಡಿದ್ದು ಅವರು ಆ ಒಂದು ಸಲ ಮಾತ್ರ. ನೋವು ಹೋಗಿದೆ, ತೂತು ಹೋಗಿಲ್ಲ ಎಂದರು. ಏಪ್ರಿಲ್‌ನಲ್ಲಿ ಬಂದು ಸ್ಕ್ಯಾನ್ ಮಾಡಿದಾಗ ತೂತು ಅರ್ಧ ಮುಚ್ಚಿತ್ತು. ಅಡ್ವಾನ್ಸ್ ವಾಪಸ್ ಕೊಟ್ಟದ್ದು ಒಳ್ಳೆಯದಾಯಿತು.

ಈಗ ದೂರುಗಳು. ಮೊದಲ ಬಿಲ್ 17 ಸಾವಿರ ಎಂದಿದ್ದರು, ರೈಲು, ಆಟೋ, ಊಟ ಅಂತ ಮತ್ತೆ 3 ಸಾವಿರ ಆಯಿತು, ಅದನ್ನು ಮೊದಲೇ ಹೇಳಬೇಕಿತ್ತು. ಆಮೇಲಿನ ಎರಡು ಭೇಟಿಗೆ ತಲಾ 7 ಸಾವಿರ. ಒಟ್ಟು 34 ಸಾವಿರ, ಅಂದರೆ ಬೀಚಿನಲ್ಲಿ 340 ಸುತ್ತು. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ, ಅಪ್ಪನಿಗೆ ಅದು ಬರೀ ಕಾಗದ. ಚಾರ್ಟನ್ನು ನಾನೇ ಕನ್ನಡದಲ್ಲಿ ಬರೆದು ಕೊಟ್ಟಿಗೆ ಗೋಡೆಗೆ ಅಂಟಿಸಿದೆ. ಮಳೆಗಾಲದಲ್ಲಿ ಬರುತ್ತೇನೆ ಎಂದವರು ಬರಲಿಲ್ಲ, ವಿಡಿಯೋ ಕಳಿಸಿ ಎಂದರು. ಜುಲೈ ಮಳೆಯಲ್ಲಿ ಕುದುರೆ ನಡೆಯುವ ವಿಡಿಯೋ ತೆಗೆಯುವುದು ಎಷ್ಟು ಸುಖ ಅಂತ ಅವರಿಗೇನು ಗೊತ್ತು! ಅವರು ಮತ್ತೆ ಬರುವಾಗ ಸೆಪ್ಟೆಂಬರ್ ಕೊನೆ.

ಆದರೂ ಕೇಳಿದವರಿಗೆ ನಂಬರ್ ಕೊಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕರೆಸುವವರು ಸಮ ನೆಲ, ನೆರಳು, ಎರಡು ಬಕೆಟ್ ನೀರು, ಕುದುರೆ ಹಿಡಿಯಲು ಗಟ್ಟಿ ಆಳು ರೆಡಿ ಇಟ್ಟುಕೊಳ್ಳಿ. ಜನರೇಟರ್ ಇರುವ ಅಂಗಡಿಯವರನ್ನೂ ಹಿಂದಿನ ದಿನವೇ ಮಾತಾಡಿಸಿಡಿ.

ಗಂಗಿ ಈಗ 40 ನಿಮಿಷ ನಡೆಯುತ್ತದೆ, ನಡುವೆ ಐದು ನಿಮಿಷ ನಿಧಾನ ಓಟ. ಸೆಪ್ಟೆಂಬರ್ ಸ್ಕ್ಯಾನಿನಲ್ಲಿ ತೂತು ಕಾಣಲಿಲ್ಲ, ನಾರು ಮಾತ್ರ ಇನ್ನೂ ಪೂರ್ತಿ ಸಾಲಿಗೆ ಬಂದಿಲ್ಲವಂತೆ. ಸವಾರಿ ಜನವರಿಯ ನಂತರ, ಅದೂ ಒದ್ದೆ ಮರಳಿನಲ್ಲಿ ಮಾತ್ರ. ಅಪ್ಪ ಈಗಲೂ ಬೆಳಿಗ್ಗೆ ನನ್ನ ವಾಚ್ ಕಟ್ಟಿಕೊಂಡೇ ಹೋಗುವುದು, ವಾಪಸ್ ಕೊಡುವ ಲಕ್ಷಣ ಕಾಣುತ್ತಿಲ್ಲ.