ಫ್ಲ್ಯಾಕ್‌ನಿಂದ ಎಂಪಿ3ಗೆ: ನನ್ನ ಓಟು ಕಪ್ಪು ಕಿಟಕಿಗೆ

ಮೊದಲೇ ಹೇಳಿಬಿಡುತ್ತೇನೆ, ಫ್ಲ್ಯಾಕ್ ಹಾಡುಗಳನ್ನು ಎಂಪಿ3ಗೆ ಬದಲಿಸುವ ಸಾಫ್ಟ್‌ವೇರ್‌ಗಳಲ್ಲಿ ನನಗೆ ಇಷ್ಟವಾಗಿದ್ದು ಎಫ್‌ಎಫ್‌ಎಂಪೆಗ್. ಕಪ್ಪು ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಬೇಕು ಅಂದರೆ ಯಾರಿಗಾದರೂ ಬೇಜಾರೇ. ಆದರೂ ಅದೇ.

ಸಿಡಿಗಳಿಂದ ತೆಗೆದಿಟ್ಟ ದಾಸರ ಪದಗಳು, ಕಚೇರಿಗಳು ಎಲ್ಲ ನನ್ನ ಬಳಿ, ಗುಣಮಟ್ಟ ಒಂದಿಷ್ಟೂ ಕಳೆಯದ ಆದರೆ ಜಾಗ ಜಾಸ್ತಿ ತಿನ್ನುವ ಫ್ಲ್ಯಾಕ್‌ನಲ್ಲಿವೆ. ಹೊಸದಾಗಿ ಕೊಂಡ ಅಗ್ಗದ ಪ್ಲೇಯರ್ ಅದನ್ನು ಓದುತ್ತದೆ ನಿಜ. ಆದರೆ 32 ಜಿಬಿ ಕಾರ್ಡು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ತುಂಬಿಹೋಯಿತು. ಅದಕ್ಕೇ ಸ್ವಲ್ಪ ಗುಣಮಟ್ಟ ಬಿಟ್ಟುಕೊಟ್ಟು ಜಾಗ ಉಳಿಸುವ ಎಂಪಿ3.

ಆನ್‌ಲೈನ್ ಕನ್ವರ್ಟರ್‌ಗಳು ಒಂದೆರಡು ಹಾಡಿಗೆ ಸರಿ. ಇಡೀ ಆಲ್ಬಂ ಹತ್ತಿಸಿ ಇಳಿಸುವಷ್ಟರಲ್ಲಿ ಡೇಟಾನೂ ಖಾಲಿ, ತಾಳ್ಮೆನೂ ಖಾಲಿ. ಫೂಬಾರ್2000 ಎಂಬ ಮ್ಯೂಸಿಕ್ ಪ್ಲೇಯರ್ ಸಾಫ್ಟ್‌ವೇರ್ ಚೆನ್ನಾಗಿದೆ, ಎಂಪಿ3 ಮಾಡಿಕೊಡುವ ಎನ್‌ಕೋಡರ್ ಪ್ಯಾಕ್ ಬೇರೆ ಹಾಕಿಕೊಳ್ಳಬೇಕು ಅಷ್ಟೆ. ವಿಂಡೋಸ್ ಇದ್ದರೆ ಅದನ್ನೇ ತಗೊಳ್ಳಿ. ನನ್ನದು ಲಿನಕ್ಸ್.

ತಲೆ ತಿಂದಿದ್ದು ಟ್ಯಾಗ್, ಅಂದರೆ ಫೈಲಿನೊಳಗೇ ಬರೆದಿಡುವ ಹಾಡಿನ ವಿವರ. ಹಾಡುಗಳ ಹೆಸರನ್ನು ನಾನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಎಂಪಿ3 ಮಾಡಿ ಹಾಕಿದರೆ ಪ್ಲೇಯರ್ ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ! ಅದೇ ಫೈಲು ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತಿತ್ತು. ಫಾಂಟ್ ಇಲ್ಲವೇನೋ ಅನ್ನೋಣ ಅಂದರೆ, ಫೋಲ್ಡರ್ ಹೆಸರುಗಳು ಕನ್ನಡದಲ್ಲೇ ಬರುತ್ತಿದ್ದವು.

ಕಾರಣ ಐಡಿ3, ಅಂದರೆ ಎಂಪಿ3ಯಲ್ಲಿ ಟ್ಯಾಗ್ ಬರೆಯುವ ಪದ್ಧತಿಯ ಆವೃತ್ತಿ. ನಾವಾಗಿ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ 2.4 ಬರೆಯುತ್ತದೆ, ಕನ್ನಡ ಅಕ್ಷರಗಳು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಹೋಗುತ್ತವೆ. ನನ್ನ ಪ್ಲೇಯರಿಗೆ ಗೊತ್ತಿದ್ದದ್ದು 2.3, ಯುಟಿಎಫ್-16. ಟ್ಯಾಗ್ ಆವೃತ್ತಿ 2.3 ಇರಲಿ ಅಂತ ಕಮಾಂಡಿಗೆ ಒಂದು ತುಣುಕು ಸೇರಿಸಿದೆ, ಹೆಸರುಗಳು ಬಂದವು.

ಪೂರ್ತಿ ಬಂತಾ? ಇಲ್ಲ. ‘ಕೃಷ್ಣ’ದ ಣ ಒತ್ತು ಕೆಳಗಿಳಿಯದೆ ‘ಷ್’ ಪಕ್ಕದಲ್ಲಿ ಸುಮ್ನೆ ನಿಂತಿದೆ. ಒತ್ತಕ್ಷರ ಜೋಡಿಸುವ ಬುದ್ಧಿ ಪ್ಲೇಯರಿಗೇ ಇಲ್ಲದಿದ್ದರೆ ಯಾವ ಕನ್ವರ್ಟರ್ ತಾನೇ ಏನು ಮಾಡೀತು? ಓದಲು ಆಗುತ್ತದೆ, ಸಾಕು.

ಬಿಟ್‌ರೇಟ್ (ಹಾಡಿನ ಒಂದು ಸೆಕೆಂಡಿಗೆ ಎಷ್ಟು ಡೇಟಾ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 5 ನಿಮಿಷದ ಹಾಡು 320 ಕೆಬಿಪಿಎಸ್‌ನಲ್ಲಿ 12 ಎಂಬಿ, 190ರ ಆಸುಪಾಸಿನಲ್ಲಿ ಹಾಡಿಗೆ ತಕ್ಕಂತೆ ಏರಿಳಿಯುವ ವಿಬಿಆರ್‌ನಲ್ಲಿ ಸುಮಾರು 7. ಸಿಟಿ ಬಸ್ಸಿನ ಗಲಾಟೆಯಲ್ಲಿ, ಅದೂ ನನ್ನ ಇಯರ್‌ಫೋನಿನಲ್ಲಿ, ಎರಡೂ ಒಂದೇ. ಓಪಸ್ ಎಂಬ ಬೇರೆ ಫೈಲ್ ರೂಪ ಇನ್ನೂ ಕಡಿಮೆ ಜಾಗದಲ್ಲಿ ಚೆನ್ನಾಗಿ ಕೇಳಿಸುತ್ತದೆ, ಆದರೆ ಈ ಪ್ಲೇಯರ್ ಅದನ್ನು ಮುಟ್ಟುವುದೇ ಇಲ್ಲ.

ಈಗ ಆ ಒಂದು ಕಮಾಂಡನ್ನು ಉಳಿಸಿಟ್ಟುಕೊಂಡು, ಫೋಲ್ಡರ್ ಹೆಸರು ಬದಲಿಸಿ ಓಡಿಸುತ್ತೇನೆ. ಖರ್ಚು ಸೊನ್ನೆ. ಫ್ಲ್ಯಾಕ್ ಫೈಲುಗಳನ್ನು ಮಾತ್ರ ಅಳಿಸಿಲ್ಲ. ನಾಳೆ ಬೇರೆ ಪ್ಲೇಯರ್ ಬಂದು ಎಂಪಿ3ಯನ್ನೇ ಮತ್ತೆ ಬದಲಿಸಲು ಹೋದರೆ ಗುಣಮಟ್ಟ ಇನ್ನಷ್ಟು ಇಳಿಯುತ್ತದೆ, ಅಲ್ವಾ.