ಅಕ್ಕಿ ಮಂಡಿ ತಕ್ಕಡಿ ಮೇಲೆ ನಾನು: ಎಂಎಸ್ ಕಾಯಿಲೆ ಜೊತೆ ತೂಕ ಇಳಿಸಲು ಮಾಡಿ ನೋಡಿದ್ದೆಲ್ಲ

ಮೈಸೂರಿನ ಸಂತೆಪೇಟೆಯಲ್ಲಿ ನಮಗೆ ಪರಿಚಯದ ಒಂದು ಅಕ್ಕಿ ಮಂಡಿ ಇದೆ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ನೋಡಿಕೊಂಡು ನಮ್ಮೆಜಮಾನರು ನನ್ನನ್ನು ವೀಲ್‌ಚೇರ್ ಸಮೇತ ಅಲ್ಲಿನ ತಕ್ಕಡಿಯ ಕಬ್ಬಿಣದ ಹಲಗೆ ಮೇಲೆ ಹತ್ತಿಸುತ್ತಾರೆ. ಬ್ರೇಕ್ ಹಾಕಿ ಕೈ ಬಿಡುತ್ತಾರೆ. 2023ರ ಜನವರಿಯಲ್ಲಿ ಮೊದಲ ಸಲ ಹತ್ತಿದಾಗ 95.5 ಅಂತ ತೋರಿಸಿತು. ನನ್ನನ್ನು ಸ್ಟೂಲ್ ಮೇಲೆ ಕೂರಿಸಿ ಖಾಲಿ ಕುರ್ಚಿ ತೂಗಿದರು, 17.5. ಅಂದರೆ ನಾನು 78.

ಮಂಡಿಯವರು ಕ್ಯಾಲ್ಕುಲೇಟರ್ ಒತ್ತಿ, "ಅಕ್ಕಾ, 26 ಕೆಜಿ ಚೀಲದ್ದು ಸರಿಯಾಗಿ ಮೂರು" ಅಂದರು. ನಗು ಬಂತು. ಮನೆಗೆ ಬಂದ ಮೇಲೆ ಅಷ್ಟೊಂದು ಬರಲಿಲ್ಲ.

ಯಾವುದರಲ್ಲಿ ಅಳೆಯುವುದು ಅನ್ನುವ ಮೊದಲ ಹೋಲಿಕೆ ಇಲ್ಲೇ ಮುಗಿಸಿಬಿಡುತ್ತೇನೆ. ಮನೆಯ ಚಿಕ್ಕ ತೂಕದ ಮಶೀನು ನಮ್ಮಂಥವರಿಗೆ ದಂಡ. ಗೋಡೆ ಹಿಡಿಯದೆ ನಿಲ್ಲಲು ಆಗುವುದಿಲ್ಲ, ಹಿಡಿದರೆ ಏಳೆಂಟು ಕೆಜಿ ಸುಳ್ಳು ಹೇಳುತ್ತದೆ. ವೀಲ್‌ಚೇರ್ ಹತ್ತಿಸುವ ತಕ್ಕಡಿ ಬೆಂಗಳೂರಿನಲ್ಲಿ ನಾನು ತೋರಿಸುವ ಆಸ್ಪತ್ರೆಯಲ್ಲಿದೆ, ಆದರೆ ಅಲ್ಲಿಗೆ ಹೋಗುವುದು ಆರು ತಿಂಗಳಿಗೊಮ್ಮೆ. ಟೇಲರ್ ಟೇಪಿನಲ್ಲಿ ಸೊಂಟ ಅಳೆಯುವುದು ಪುಕ್ಕಟೆ, ಮತ್ತು ನಿಜ ಹೇಳುತ್ತದೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ನಂದು 98 ಇತ್ತು. ಈಗ ಟೇಪು ವಾರಕ್ಕೊಮ್ಮೆ, ಮಂಡಿ ಎರಡು ತಿಂಗಳಿಗೊಮ್ಮೆ.

ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮ ಮೈಯ ಕಾವಲು ಪಡೆಯೇ ತಪ್ಪು ತಿಳಿದು ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಕವಚವನ್ನು ಕೆರೆದು ಹಾಕುತ್ತದೆ. ವೈರಿನ ಪ್ಲಾಸ್ಟಿಕ್ಕನ್ನು ಇಲಿ ಕಡಿದ ಹಾಗೆ. ನನಗೆ ಗೊತ್ತಾಗಿದ್ದು 2011ರಲ್ಲಿ. 2018ರವರೆಗೆ ಕೋಲು ಹಿಡಿದು ನಡೆದೆ. ಈಗ ಕಂಬಿ ಹಿಡಿದರೆ ನಿಲ್ಲುತ್ತೇನೆ, ನಾಲ್ಕು ಹೆಜ್ಜೆ ಇಡುತ್ತೇನೆ, ಮಿಕ್ಕಿದ್ದು ಕುರ್ಚಿ. 2022ರಲ್ಲಿ ಎಂಎಸ್‌ನ ಒಂದು ಅಟ್ಯಾಕ್ ಆಗಿ, ಅಂದರೆ ಕಾಯಿಲೆ ಒಮ್ಮೆಲೇ ಕೆರಳಿ, ಐದು ದಿನ, ದಿನಕ್ಕೆ ಒಂದು ಗ್ರಾಂ ಸ್ಟೆರಾಯ್ಡ್ ಡ್ರಿಪ್ ಹಾಕಿದರು. ಅದಾದ ಮೇಲೆ ಬಂದ ಹಸಿವು ಇದೆಯಲ್ಲ, ರಾತ್ರಿ ಎರಡು ಗಂಟೆಗೆ ಡಬ್ಬಿಯಲ್ಲಿದ್ದ ನಿಪ್ಪಟ್ಟು ಖಾಲಿ ಮಾಡಿದ್ದೇನೆ. ಒಂದೇ ತಿಂಗಳಲ್ಲಿ ನಾಲ್ಕು ಕೆಜಿ.

ತೂಕ ಇಳಿಸಬೇಕು ಅನಿಸಿದ್ದು ಚೆಂದ ಕಾಣಲಿಕ್ಕಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ನನ್ನನ್ನು ಎತ್ತಿ ಕೂರಿಸುವವರು ಇವರು, ಇವರು ಇಲ್ಲದಾಗ ಮಗಳು. ಇವರಿಗೆ ಐವತ್ತಾರು, ಬೆನ್ನು ನೋವು. ಹಾಗಾಗಿ ಏನೇ ಮಾಡಿ ನೋಡಿದರೂ ಎರಡು ಲೆಕ್ಕ ಬರೆದಿಟ್ಟೆ. ಒಂದು, ಮಂಡಿಯ ತೂಕ. ಇನ್ನೊಂದು, ಬಾತ್‌ರೂಮಿನ ಕಂಬಿ ಹಿಡಿದು ಒಂದು ಸಲಕ್ಕೆ ಎಷ್ಟು ಬಾರಿ ಎದ್ದು ಕೂರಬಲ್ಲೆ ಅಂತ. ಜನವರಿಯಲ್ಲಿ ಅದು ಐದು. ನಮಗೆ ಎರಡನೇ ಲೆಕ್ಕವೇ ಮುಖ್ಯ. ಕಾಲಿನ ಮಾಂಸ ಕರಗಿ ಇಳಿದ ಕೆಜಿ ಎತ್ತುವವರಿಗೆ ಹಗುರ ಆಗುವುದಿಲ್ಲ, ಭಾರವೇ ಆಗುತ್ತದೆ. ನಾನು ನನ್ನ ಪಾಲಿನ ಅರ್ಧ ಏಳದಿದ್ದರೆ ಪೂರ್ತಿ ಅವರೇ ಎತ್ತಬೇಕಲ್ವಾ?

ಮೊದಲು ಮಾಡಿದ್ದು ಹದಿನಾರು ಗಂಟೆ ಉಪವಾಸ. ಮಗಳ ಆಫೀಸಿನಲ್ಲಿ ಎಲ್ಲರೂ ಮಾಡುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಊಟ, ಸಂಜೆ ಎಂಟಕ್ಕೆ ಮುಗಿತು. ಆರು ವಾರಕ್ಕೆ 75ಕ್ಕೆ ಬಂದೆ. ತೂಕ ಮಾತ್ರ ನೋಡಿದರೆ ಇದಕ್ಕೆ ಫಸ್ಟ್ ರ‍್ಯಾಂಕ್. ಆದರೆ ಎಂಎಸ್ ಇರುವ ನನ್ನಂಥ ಹಲವರಿಗೆ ಶಕ್ತಿ ಇರುವುದೇ ಬೆಳಗಿನ ಹೊತ್ತು, ಅದೇ ಹೊತ್ತು ಹೊಟ್ಟೆ ಖಾಲಿ. ಸ್ನಾನ, ಬಟ್ಟೆ, ಬಾತ್‌ರೂಮು ಎಲ್ಲ ಹನ್ನೊಂದರೊಳಗೆ ಆಗಬೇಕು. ಹತ್ತಕ್ಕೇ ಕೈಕಾಲು ಬತ್ತಿ ಹೋಗುತ್ತಿತ್ತು. ಬೆಳಿಗ್ಗೆ ತಿಂಡಿ ಜೊತೆ ತೆಗೆದುಕೊಳ್ಳುವ ಮಾತ್ರೆ ಬೇರೆ. ಬರೀ ಹೊಟ್ಟೆಗೆ ನುಂಗಿ ಎರಡು ದಿನ ವಾಂತಿ ಮಾಡಿಕೊಂಡೆ, ಮೂರನೇ ದಿನ ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡೆ. ಆರನೇ ವಾರ ಕಂಬಿ ಹಿಡಿದು ಎದ್ದಿದ್ದು ಮೂರೇ ಸಲ. ನಾಲ್ಕನೆಯದಕ್ಕೆ ಮೊಣಕಾಲು ಕುಸಿದು ಗೋಡೆಗೆ ಒರಗಿಕೊಂಡೇ ಕೂತೆ, ಮಗಳು ಬರುವ ತನಕ. ಅವತ್ತೇ ಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಒಂದೂವರೆ ಕೆಜಿ ವಾಪಸ್.

ಆಮೇಲೆ ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟು ಮೊಟ್ಟೆ, ಪನೀರು, ತರಕಾರಿ, ತೆಂಗಿನಕಾಯಿ. ಇದರಲ್ಲಿ ಹಸಿವಿನ ಕಾಟ ಕಡಿಮೆ, ಅದು ಒಪ್ಪಬೇಕು. ನಾಲ್ಕು ವಾರಕ್ಕೆ 76.5ರಿಂದ 73.5. ಮೊದಲ ವಾರ ಇಳಿದಿದ್ದರಲ್ಲಿ ಬಹುಪಾಲು ನೀರು, ಅನ್ನ ಮುಟ್ಟಿದ ಕೂಡಲೇ ಅದು ವಾಪಸ್ ಬಂತು. ಏಳುವ ಲೆಕ್ಕ ನಾಲ್ಕಕ್ಕೆ ಏರಿತ್ತು, ಬರೀ ಹೊಟ್ಟೆಯ ಸುಸ್ತು ಇಲ್ಲದ್ದಕ್ಕೆ ಇರಬೇಕು.

ಕೈ ಕೊಟ್ಟಿದ್ದು ಹೊಟ್ಟೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಎಂಎಸ್‌ನಲ್ಲಿ ಕರುಳೂ ನಿಧಾನ, ಕುಳಿತೇ ಇರುವುದರಿಂದ ಇನ್ನೂ ನಿಧಾನ. ಮೂತ್ರಕ್ಕೆ ಪದೇ ಪದೇ ಏಳಬೇಕಲ್ಲ ಅಂತ ನಾವು ನೀರು ಕುಡಿಯುವುದನ್ನೂ ಕಡಿಮೆ ಮಾಡಿರುತ್ತೇವೆ. ಅದರ ಮೇಲೆ ರಾಗಿ, ಕಾಳು ಬಿಟ್ಟರೆ ಏನಾಗುತ್ತದೆ? ಐದು ದಿನ ಬಾತ್‌ರೂಮಿನಲ್ಲಿ ಕೂತು ಬರುವುದೇ ಕೆಲಸ ಆಯಿತು. ಹೊಟ್ಟೆ ಕಟ್ಟಿದರೆ ನನಗೆ ಕಾಲಿನ ಸೆಟೆತವೂ ಜಾಸ್ತಿ. ಇನ್ನೊಂದು ತೊಂದರೆ ಒಲೆಯದು. ಅಡುಗೆ ಮಾಡುವುದು ನಾನಲ್ಲ, ಅತ್ತೆ. ಎಪ್ಪತ್ತೆಂಟರ ವಯಸ್ಸಲ್ಲಿ ಅವರು ಎರಡು ಅಡುಗೆ ಮಾಡಬೇಕಾಯಿತು. "ಒಂದ್ ಹಿಡಿ ಅನ್ನ ತಿಂದ್ರೆ ಏನ್ ಆಗ್ಬಿಡತ್ತೆ ಬಿಡೇ, ಹೆಂಗ್ ಆಗ್ಬಿಟ್ಟಿದ್ದೀಯ ನೋಡು" ಅಂತ ದಿನಾ ಒಂದು ಸಲ.

ಎಂಎಸ್‌ಗೇ ಅಂತ ಇರುವ ಪಥ್ಯಗಳನ್ನೂ ಆಗ ಓದಿದೆ. ರಾಯ್ ಸ್ವಾಂಕ್ ಎಂಬ ನರರೋಗದ ಡಾಕ್ಟರು ಕಳೆದ ಶತಮಾನದ ನಡುವಿನಲ್ಲೇ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪ, ತೆಂಗಿನಕಾಯಿಯಲ್ಲಿ ಇರುವಂಥದ್ದು, ದಿನಕ್ಕೆ 15 ಗ್ರಾಂ ದಾಟಬಾರದು ಅಂದಿದ್ದರು. ಟೆರಿ ವಾಲ್ಸ್ ಅಂತ ಅಮೆರಿಕದ ಡಾಕ್ಟರು, ಅವರಿಗೂ ಎಂಎಸ್, ಧಾನ್ಯ ಬಿಟ್ಟು ರಾಶಿ ಸೊಪ್ಪು ತಿನ್ನಿ ಅನ್ನುತ್ತಾರೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಎರಡರಲ್ಲೂ ಸುಸ್ತು ಕಡಿಮೆಯಾಗಿತ್ತು. ಕಾಯಿಲೆಯನ್ನೇ ತಡೆಯುವ ಪಥ್ಯ ಇದು ಅಂತ ಮಾತ್ರ ಯಾವುದೂ ಸಾಬೀತಾಗಿಲ್ಲ. ಎರಡನ್ನೂ ನಾನು ಮಾಡಿಲ್ಲ. ಕಾಯಿ ಅರೆಯುವ ಮನೆಯಲ್ಲಿ ಸ್ವಾಂಕ್ ನಡೆಯುವುದಿಲ್ಲ, ಮುದ್ದೆ ಕಟ್ಟುವ ಮನೆಯಲ್ಲಿ ವಾಲ್ಸ್ ನಡೆಯುವುದಿಲ್ಲ.

ಡಯಟ್ ಡಬ್ಬಿ ಮನೆಗೆ ತಂದುಕೊಡುವವರದ್ದೂ ಹತ್ತು ದಿನ ತಿಂದೆ. ದುಡ್ಡು ದಂಡ. ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಬೆರಳಿಗೆ ಆಗುತ್ತಿರಲಿಲ್ಲ, ಅಲ್ಲಿಗೆ ಮುಗಿಯಿತು.

ಕೊನೆಗೆ ನಿಂತಿದ್ದು ಮನೆ ಅಡುಗೆಯನ್ನೇ ಅಳೆದು ತಿನ್ನುವುದು. ನಮ್ಮದು ಹಾಸನದ ಕಡೆಯ ಊಟ, ಮುದ್ದೆ, ಸೊಪ್ಪಿನ ಸಾರು, ಉಪ್ಸಾರು. ಮೊದಲ ವಾರ ಏನೂ ಬಿಡಲಿಲ್ಲ, ಬರೀ ಅಳೆದೆವು. ನನ್ನ ಒಂದು ಮುದ್ದೆಗೆ 110 ಗ್ರಾಂ ಹಿಟ್ಟು ಹೋಗುತ್ತಿತ್ತು. ಅದರ ಮೇಲೆ ಎರಡು ಸೌಟು ಅನ್ನ. ರಾಗಿ ತಿಂದರೆ ತೂಕ ಇಳಿಯುತ್ತೆ ಅಂತ ನಂಬಿದ್ದೆ, ಸುಮ್ನೆ. ನೂರು ಗ್ರಾಂ ರಾಗಿ ಹಿಟ್ಟಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಎರಡೂ 320ರಿಂದ 360ರ ಒಳಗೆ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ತಡೆಯುತ್ತದೆ, ಬಾತ್‌ರೂಮಿಗೂ ಒಳ್ಳೆಯದು. ಅಷ್ಟೇ.

ಈಗ ಮುದ್ದೆಗೆ 60 ಗ್ರಾಂ ಹಿಟ್ಟು, ಕೈಗೆ ಬಂದರೆ ಚಿಕ್ಕ ಕಿತ್ತಳೆ ಹಣ್ಣಿನಷ್ಟು. ಅನ್ನ ಅರ್ಧ ಸೌಟು, ಮಜ್ಜಿಗೆಗೆ ಮಾತ್ರ. ಆದರೆ ಸಾರಿನಲ್ಲಿ ಕಾಳು ಎರಡರಷ್ಟು. ಹೆಸರುಕಾಳು, ಹುರುಳಿ, ಚಳಿಗಾಲದಲ್ಲಿ ಅವರೆ. ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ. ಮೊದಲು ಒಂದು ಬಟ್ಟಲು ಸೌತೆಕಾಯಿ ಕೋಸಂಬರಿ ಇಲ್ಲವೇ ಪಲ್ಯ, ಆಮೇಲೆ ಮುದ್ದೆ. ಒಂದು ಟೇಬಲ್ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ ಅಂತ ಗೊತ್ತಾದ ಮೇಲೆ ಅತ್ತೆ ಒಗ್ಗರಣೆಗೆ ಚಮಚ ಇಟ್ಟುಕೊಂಡರು. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ಹೋಗುತ್ತಿದ್ದದ್ದು ಈಗ ಎರಡೂವರೆ. ಇವರ ಶುಗರೂ ಸ್ವಲ್ಪ ಇಳಿಯಿತು, ಅದು ಬಿಟ್ಟಿ ಲಾಭ.

ಒಂದು ಎಚ್ಚರಿಕೆ. ಮುದ್ದೆ ಅಗಿಯುವುದಲ್ಲ, ನುಂಗುವುದು. ಎಂಎಸ್‌ನಲ್ಲಿ ಕೆಲವರಿಗೆ ನುಂಗುವುದೇ ಕಷ್ಟ ಆಗಿರುತ್ತದೆ. ನೀರು ಕುಡಿದರೆ ನೆತ್ತಿಗೇರುವುದು, ಊಟದಲ್ಲಿ ಕೆಮ್ಮು, ಇವೆಲ್ಲ ಇದ್ದರೆ ಮೊದಲು ಡಾಕ್ಟರಿಗೆ ಹೇಳಿ, ಮುದ್ದೆ ಆಮೇಲೆ.

ಇದು ನಿಧಾನದ ದಾರಿ. 2023ರ ಆಗಸ್ಟ್‌ನಲ್ಲಿ 76 ಇದ್ದೆ, ಮುಂದಿನ ಜುಲೈಗೆ 70. ನಡುವೆ ಎರಡು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಆದರೆ ಕಂಬಿಯ ಲೆಕ್ಕ ಏಳಕ್ಕೆ ಬಂತು. ತೂಕ ನಿಧಾನ ಇಳಿದರೆ ಇನ್ನೊಂದು ಅನುಕೂಲ ಇದೆ. ದಿನವಿಡೀ ಕೂತಿರುವವರಿಗೆ ಬೇಗ ಸಣ್ಣಗಾದರೆ ಬಾಲದ ಮೂಳೆ ಸೀಟಿಗೆ ಒತ್ತಿ ಹುಣ್ಣಾಗುವ ಭಯ. ಉಪವಾಸದ ಸಮಯದಲ್ಲಿ ನನಗೆ ಅಲ್ಲಿ ಕೆಂಪಾಗಿತ್ತು, ಈ ಸಲ ಆಗಲಿಲ್ಲ.

ಆ ಏಳಕ್ಕೆ ಊಟ ಒಂದೇ ಕಾರಣವಲ್ಲ. ವ್ಯಾಯಾಮದಲ್ಲೂ ಮೂರು ಮಾಡಿ ನೋಡಿದೆ.

ನೀರು ಎಲ್ಲಕ್ಕಿಂತ ಸುಖ. ಎದೆ ಮಟ್ಟದ ನೀರಲ್ಲಿ ನಾನು ನಡೆದೆ, 2018ರ ನಂತರ ಮೊದಲ ಸಲ. ಅತ್ತುಬಿಟ್ಟೆ. ಆದರೆ ಕೊಳಕ್ಕೆ ಇಳಿಯಲು ಇದ್ದದ್ದು ಕಬ್ಬಿಣದ ಏಣಿ ಮಾತ್ರ. ಇಬ್ಬರು ಹಿಡಿದು ಇಳಿಸಬೇಕು, ಇಬ್ಬರು ಹತ್ತಿಸಬೇಕು. ಒದ್ದೆ ನೆಲ, ಒದ್ದೆ ಬಟ್ಟೆ ಬದಲಿಸಲು ಮುಕ್ಕಾಲು ಗಂಟೆ, ಆಟೋ. ಅರ್ಧ ಗಂಟೆಯ ಈಜಿಗೆ ಎರಡು ದಿನ ಮಂಚ. ಇಳಿಜಾರು ಇರುವ, ತೀರಾ ಬೆಚ್ಚಗಿಲ್ಲದ ಕೊಳ ಹತ್ತಿರ ಇದ್ದವರು ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ನನಗೆ ಆ ಪುಣ್ಯ ಇಲ್ಲ.

ಪೆಡಲ್ ಮಶೀನು, ನೆಲದ ಮೇಲೆ ಇಟ್ಟು ಕೂತೇ ತುಳಿಯುವಂಥದ್ದು, ಎರಡು ಸಾವಿರ ಕೊಟ್ಟು ತರಿಸಿದೆ. ಪಾದ ಜಾರುತ್ತಿತ್ತು, ಕಟ್ಟಿಕೊಂಡರೆ ಕಾಲು ಸೆಟೆದು ಮಶೀನೇ ಎದ್ದು ಬರುತ್ತಿತ್ತು. ಫಿಸಿಯೋ ಬಂದು ಅದನ್ನು ಊಟದ ಮೇಜಿನ ಮೇಲಿಟ್ಟು "ಕೈಯಲ್ಲಿ ತಿರುಗಿಸಿ ಮೇಡಂ" ಅಂದ. ಆಗ ಸರಿಹೋಯಿತು. ಆದರೂ ಅರ್ಧ ಗಂಟೆ ನಿಧಾನಕ್ಕೆ ಕೈ ತಿರುಗಿಸಿದರೆ ಖರ್ಚಾಗುವುದು ಎರಡು ಮೂರು ಮಾರಿ ಬಿಸ್ಕತ್ತು. ವ್ಯಾಯಾಮದಿಂದಲೇ ತೂಕ ಇಳಿಸುತ್ತೇನೆ ಅನ್ನುವುದು ನಮ್ಮ ಪಾಲಿಗೆ ಆಗದ ಮಾತು.

ನಾನು ಉಳಿಸಿಕೊಂಡಿದ್ದು ಕುರ್ಚಿ ವ್ಯಾಯಾಮ. ರಬ್ಬರ್ ಬ್ಯಾಂಡ್, ಅರ್ಧ ಲೀಟರ್ ನೀರಿನ ಬಾಟಲಿ ಎರಡು, ಮತ್ತು ಅದೇ ಕಂಬಿ. ಬೆಳಿಗ್ಗೆ ಏಳಕ್ಕೆ, ಐದು ನಿಮಿಷ ಮಾಡಿ ಐದು ನಿಮಿಷ ಬಿಟ್ಟು, ಒಟ್ಟು ಮೂರು ಸಲ. ತಲೆ ಮೇಲೆ ಫ್ಯಾನು, ಕತ್ತಿಗೆ ಒದ್ದೆ ಟವೆಲ್. ಟವೆಲ್ ಶೋಕಿಗಲ್ಲ. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ಕೆರಳುತ್ತವೆ. 1890ರಲ್ಲೇ ವಿಲ್ಹೆಲ್ಮ್ ಊಥೋಫ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟರು ವ್ಯಾಯಾಮದ ನಂತರ ಇಂಥ ಕೆಲವರ ಕಣ್ಣು ಮಂಜಾಗುವುದನ್ನು ಬರೆದಿಟ್ಟಿದ್ದಾರೆ. ಮೈ ತಣ್ಣಗಾದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ನಾನು ಏಪ್ರಿಲ್ ಮಧ್ಯಾಹ್ನ ಬ್ಯಾಂಡ್ ಎಳೆದು, ಟಿವಿಯ ಅಕ್ಷರ ಕಾಣದೆ, ಇನ್ನೊಂದು ಅಟ್ಯಾಕೇ ಬಂತು ಅಂತ ಇವರನ್ನು ಅಂಗಡಿಯಿಂದ ಓಡಿ ಬರುವ ಹಾಗೆ ಮಾಡಿದ್ದೆ.

ಇನ್ನೂ ಬಗೆಹರಿಯದ್ದು ಸಂಜೆ ನಾಲ್ಕರ ಹಸಿವು. ಸದ್ಯ ಎರಡು ಪೈಪೋಟಿಯಲ್ಲಿವೆ. ಈರುಳ್ಳಿ, ಸೌತೆಕಾಯಿ ಹಾಕಿದ ಮಂಡಕ್ಕಿ ದೊಡ್ಡ ಬಟ್ಟಲು ಬರುತ್ತದೆ, ತಿಂದ ತೃಪ್ತಿ ಇದೆ, ಆರಕ್ಕೆ ಮತ್ತೆ ಹಸಿವು. ಬೇಯಿಸಿದ ಕಡಲೆಕಾಯಿ ಒಂದು ಹಿಡಿ ರಾತ್ರಿ ಊಟದವರೆಗೂ ತಡೆಯುತ್ತದೆ, ಸಿಪ್ಪೆ ಸುಲಿಯಲು ನನ್ನ ಬೆರಳಿಗೆ ಇಪ್ಪತ್ತು ನಿಮಿಷ ಬೇಕು. ಇವರು ಸುಲಿದು ಕೊಡುತ್ತೇನೆ ಅಂದರು. ಬೇಡ ಅಂದಿದ್ದೇನೆ. ಸುಲಿಯುತ್ತಾ ತಿಂದರೆ ಒಂದು ಹಿಡಿಗೇ ಸಾಕಾಗುತ್ತದೆ.